ಹುಲ್ಲು ಹೊತ್ತು ಬೆಂಕಿ ಆರಿಸುವವರು

ಕೊಯ್ಲು ಮುಗಿದು ಬಣವೆ ಒಟ್ಟುವ ದಿನಗಳು. ಕುಡುಗೋಲು ತಾಗಿದ ಬೆರಳಿಗೆ ಕಟ್ಟು ಬದಲಿಸಿಕೊಳ್ಳಲು ಆಸ್ಪತ್ರೆಯ ಬೆಂಚಿನಲ್ಲಿ ಕುಳಿತಿದ್ದೆ. ಪಕ್ಕದಲ್ಲಿ ಗಂಡ ಹೆಂಡತಿ. ಅವನ ಅಂಗಿಗೆ ಇನ್ನೂ ಹುಲ್ಲಿನ ಎಸಳು ಅಂಟಿತ್ತು. ಎದುರಿಗೆ ಎಚ್‌ಐವಿ ಮಾತ್ರೆ ಕೊಡುವ ಕಿಟಕಿ.

“ನೀನು ತಗೋ, ನಂಗೆ ಬೇಡ,” ಎಂದ ಅವನು. “ಇಷ್ಟು ವರ್ಷ ನನ್ನ ಮೈಯೇ ಅದನ್ನ ಹದ್ದುಬಸ್ತಿನಲ್ಲಿ ಇಟ್ಟಿಲ್ವಾ?”

“ಇಟ್ಟಿದೆ. ಡಾಕ್ಟರೂ ಅದನ್ನೇ ಹೇಳಿದ್ರು. ನೀವು ಅರ್ಧ ಕೇಳಿ ಎದ್ದು ಬಂದ್ರಿ.”

“ಇನ್ನರ್ಧ ಏನು?”

“ರೋಗದ ಮೇಲೆ ಬೀಳೋಕೆ ರಕ್ತದಲ್ಲಿ ಕಣಗಳು ಓಡಿ ಬರ್ತಾವಲ್ಲ, ಈ ವೈರಸ್ಸು ಹೊಕ್ಕು ಮರಿ ಹಾಕೋದು ಅವುಗಳ ಒಳಗೇ ಅಂತೆ. ಮೈ ಇನ್ನಷ್ಟು ಕಣ ಕಳಿಸಿದಷ್ಟೂ ಅದಕ್ಕೆ ಹೊಸ ಮನೆ.”

ಅವನು ಅಂಗಿಯ ಮೇಲಿನ ಎಸಳು ಕಿತ್ತು ನೋಡಿದ. “ಅಂದ್ರೆ, ತಲೆ ಮೇಲೆ ಹುಲ್ಲಿನ ಹೊರೆ ಹೊತ್ಕೊಂಡೇ ಬಣವೆ ಬೆಂಕಿ ಆರಿಸೋಕೆ ಓಡಿದ ಹಾಗೆ.”

“ಹೂಂ. ಸದ್ಯ, ತಲೆಗೆ ಹೋಯ್ತಲ್ಲ.”

“ಮಾತ್ರೆ ಏನು ಮಾಡುತ್ತೆ?”

“ವೈರಸ್ಸು ಮರಿ ಹಾಕದ ಹಾಗೆ ತಡೆಯುತ್ತೆ. ದಿನಾ ತಗೋಬೇಕು.”

“ಸಾಯೋವರೆಗೂ ನುಂಗೋದು ಯಾರ ಕೈಲಾಗುತ್ತೆ?”

“ನನ್ನ ಕೈಲಾಗ್ತಿದೆಯಲ್ಲ. ನಿಮ್ಮಿಂದ ಬಂದದ್ದಕ್ಕೆ ನುಂಗ್ತಿದೀನಿ. ಒಂದು ದಿನವಾದ್ರೂ ಅದನ್ನ ಎತ್ತಿ ಆಡಿದೀನಾ?”

“ಇಲ್ಲ.”

“ಇನ್ನು ಮುಂದೂ ಆಡಲ್ಲ. ನನ್ನ ಒಂಟಿ ಮಾಡಿ ಹೋಗ್ಬೇಡಿ, ಅಷ್ಟೇ.”

ಅವನು ಅವಳಿಗಿಂತ ಮೊದಲೇ ಎದ್ದು ಕಿಟಕಿಗೆ ಹೋಗಿ, “ಇಬ್ಬರದೂ ಕೊಡಿ, ಸಿಸ್ಟರ್,” ಎಂದ.