ಬೇರೆಯವರ ಹೆಸರಿನ ಲೆನ್ಸು

ಅಧ್ಯಕ್ಷರಾದ ಡಾಕ್ಟರ್ ರಾಮಪ್ರಸಾದ್ ಅವರೇ, ಮುಖ್ಯ ಅತಿಥಿಗಳೂ ನನ್ನ ಒಡಹುಟ್ಟಿದ ಅಣ್ಣನೂ ಆದ ಡಾಕ್ಟರ್ ನಿಜಲಿಂಗಪ್ಪನವರೇ, ಅಣ್ಣನ ಪಕ್ಕದಲ್ಲಿ ಕುಳಿತ ಅತ್ತಿಗೆ ವತ್ಸಲಾ ವೈನಿಯವರೇ, ಈಸ್ಟ್ ಹ್ಯಾಮಿನಿಂದ ಬಂದ ಬಿಸಿಬೇಳೆ ಭಾತು ಆರುವ ಮೊದಲು ಇವನ ಮಾತು ಮುಗಿಯಲಿ ಎಂದು ಹಾರೈಸುತ್ತಿರುವ ಸಭಿಕರೇ, ಎಲ್ಲರಿಗೂ ಈ ಸಿದ್ದಲಿಂಗಪ್ಪನ ಶರಣು.

ಮುಂದಿನ ಸಾಲಿನ ಮಕ್ಕಳೇ ಎಂದೂ ಕರೆಯಬೇಕಿತ್ತು. ಆದರೆ ನಮ್ಮ ಉದ್ದುದ್ದ ಕನ್ನಡ ಅವರಿಗೆ ಎಲ್ಲಿ ತಿಳಿಯಬೇಕು? ಮನೆಯಲ್ಲಿ ಗುಟ್ಟಿನ ಮಾತನ್ನೆಲ್ಲ ನಾವು ಅವರ ಎದುರೇ ಆಡುತ್ತೇವೆ. ಲಂಡನ್ನಿನಲ್ಲಿ ಕನ್ನಡದಿಂದ ನಮಗಾಗಿರುವ ದೊಡ್ಡ ಉಪಕಾರ ಇದೇ ಅಲ್ಲವೇ?

ಗುರುವಾರದ ವಿಮಾನಕ್ಕೆ ನಾನು ಕಾಯಂ ಆಗಿ ಧಾರವಾಡಕ್ಕೆ ಹೊರಟಿದ್ದೇನೆ. ನೀವು ಶಾಲು ಹೊದಿಸಿದಿರಿ. ‘ನೀವು ಕೆಲಸ ಮಾಡಿದ ಜಪಾನಿ ಕಂಪನಿಯ ಚರಿತ್ರೆ ಹೇಳಿ’ ಎಂದು ಅಧ್ಯಕ್ಷರು ಅಪ್ಪಣೆ ಮಾಡಿದರು. ನನಗೆ ಗೊತ್ತಿರುವ ಚರಿತ್ರೆ ಅದೊಂದೇ. ಹೇಳುತ್ತೇನೆ.

ಟೋಕಿಯೊ ಪಕ್ಕದ ಒಂದು ಸಣ್ಣ ಊರಿನಲ್ಲಿ ಹಿಸಾನೊ ಎಂಬ ಮನುಷ್ಯ ಕನ್ನಡಕದ ಗಾಜು ಉಜ್ಜುತ್ತಿದ್ದ. ಯುದ್ಧ ಬಂದಾಗ ಸೈನ್ಯಕ್ಕೆ ದುರ್ಬೀನು ಮಾಡಿಕೊಟ್ಟ. ಯುದ್ಧ ಸೋತ ಮೇಲೆ ದುರ್ಬೀನು ಯಾರಿಗೆ ಬೇಕು? ಕ್ಯಾಮೆರಾದ ಲೆನ್ಸು ಮಾಡಿದ. ಒಳ್ಳೆಯ ಲೆನ್ಸು. ಆದರೆ ಹಿಸಾನೊ ಎಂಬ ಹೆಸರು ಹೊರದೇಶದಲ್ಲಿ ಯಾರಿಗೆ ಗೊತ್ತು? ಇಂಗ್ಲೆಂಡಿನಿಂದ, ಅಮೆರಿಕದಿಂದ ವ್ಯಾಪಾರಿಗಳು ಹೋದರು. ‘ಲೆನ್ಸು ನೀವು ಮಾಡಿ, ಹೆಸರು ನಮ್ಮದು ಕೆತ್ತಿ’ ಎಂದರು. ಆತ ಒಪ್ಪಿದ. ಹೊಟ್ಟೆಯ ಪ್ರಶ್ನೆ ಬಂದಾಗ ಹೆಸರಿನ ಮಾತು ಯಾರು ಆಡುತ್ತಾರೆ? ಇಲ್ಲಿ ಕುಳಿತ ಎಷ್ಟೋ ಜನ ತಮ್ಮ ಮದುವೆ, ಮಕ್ಕಳ ಹುಟ್ಟುಹಬ್ಬ ಎಲ್ಲವನ್ನೂ ಹಿಸಾನೊ ಗಾಜಿನಲ್ಲೇ ಹಿಡಿದಿದ್ದೀರಿ. ನಿಮಗೆ ಅದು ಗೊತ್ತಿಲ್ಲ. ಲೆನ್ಸಿನ ಮೇಲೆ ಅಂಗಡಿಯವರ ಹೆಸರಿದೆ.

ಇಲ್ಲೇ ಲಂಡನ್ನಿನ ಪಾರ್ಕ್ ರಾಯಲ್‌ನಲ್ಲಿ ಅವರ ರಿಪೇರಿ ಡಿಪೊ ಇತ್ತು. ಒಂದು ಬದಿಗೆ ಬ್ರೆಡ್ಡಿನ ಕಾರ್ಖಾನೆ, ಇನ್ನೊಂದು ಬದಿಗೆ ಮಸಾಲೆಯ ಗೋದಾಮು, ನಡುವೆ ನಾವು. ನನ್ನ ಮೇಜಿನ ಮೇಲೆ ಮೂರು ಫೋನು, ಮೂರಕ್ಕೂ ಬೇರೆ ಬೇರೆ ಬಣ್ಣದ ಚೀಟಿ. ಕೆಂಪು ಫೋನು ಬಾರಿಸಿದರೆ ಒಂದು ಕಂಪನಿಯ ಹೆಸರು ಹೇಳಬೇಕು, ಹಸಿರು ಬಾರಿಸಿದರೆ ಇನ್ನೊಂದು, ಹಳದಿಗೆ ಮತ್ತೊಂದು. ಹಿಸಾನೊ ಎಂದು ಮಾತ್ರ ಹೇಳಕೂಡದು. ನಮ್ಮ ಮ್ಯಾನೇಜರ್ ಒಕುದಾ ಸಾಹೇಬರು ಮೊದಲ ದಿನವೇ ಕಲಿಸಿದ ಪಾಠ ಅದು: ‘ಮಾಡಿದವರು ನಾವು. ಆದರೆ ಕೇಳಿದವರಿಗೆ ಹೇಳುವಂತಿಲ್ಲ.’ ನಾನು ಚೆನ್ನಾಗಿ ಕಲಿತೆ. ಯಾರು ಎಂದು ಕೇಳಿದರೂ ‘ಯೆಸ್, ಸ್ಪೀಕಿಂಗ್’ ಎಂದುಬಿಡುವ ಚಾಳಿ ಬಿತ್ತು.

ಆ ಚಾಳಿಯಿಂದ ಒಮ್ಮೆ ಪೇಚಾಟವಾಯಿತು, ಅದನ್ನು ಹೇಳಬೇಕು. ತೊಂಬತ್ತರ ಇಸವಿ. ವೈನಿ ಧಾರವಾಡದಲ್ಲಿದ್ದರು, ಅಣ್ಣ ಆಸ್ಪತ್ರೆಯ ಡ್ಯೂಟಿಯಲ್ಲಿದ್ದ. ನಾನು ರಜೆ ಹಾಕಿ ಸ್ಟ್ಯಾನ್ಮೋರಿನ ಅವರ ಮನೆ ಕಾಯುತ್ತಿದ್ದೆ. ಫೋನು ಬಾರಿಸಿತು. ಮುಂದಿನ ಸಾಲಿನಲ್ಲಿ ಕ್ಯಾಮೆರಾ ಹಿಡಿದು ಕುಳಿತಿದ್ದಾಳಲ್ಲ, ಅಣ್ಣನ ಮಗಳು ಅನ್ವಿತಾ, ಅವಳ ಶಾಲೆಯಿಂದ. ‘ಅನ್ವಿತಾಳ ತಂದೆಯೇ?’ ಎಂದು ಕೇಳಿದರು. ‘ಯೆಸ್, ಸ್ಪೀಕಿಂಗ್’ ಎಂದೆ. ಚಾಳಿ, ಸಭಿಕರೇ, ಬರೀ ಚಾಳಿ. ಓಡಿ ಹೋದೆ. ಎಂಟು ವರ್ಷದ ಕೂಸು ಗದ್ದ ಒಡೆದುಕೊಂಡು ಕುಳಿತಿತ್ತು. ‘ಅಪ್ಪ ಬಂದರು ನೋಡು’ ಎಂದು ಟೀಚರಮ್ಮ ಹೇಳಿದರೆ, ಅಷ್ಟು ನೋವಿನಲ್ಲೂ ಇವಳು ತಿದ್ದಿದಳು: ‘ಹೀ ಈಸ್ ನಾಟ್ ಮೈ ಡ್ಯಾಡ್. ಹೀ ಈಸ್ ಮೈ ಕಾಕಾ.’ ಟೀಚರಮ್ಮ ನಕ್ಕರು. ನಾನೂ ನಕ್ಕೆ. ಮನೆಗೆ ಬಂದು ನನ್ನ ಹೆಂಡತಿ ಚಂದ್ರವ್ವನಿಗೆ ಹೇಳಿದರೆ ಆಕೆ ನಗಲಿಲ್ಲ. ‘ಎಷ್ಟು ಹೊಲಿಗಿ ಹಾಕಿದ್ರು?’ ಎಂದಷ್ಟೇ ಕೇಳಿ ರೊಟ್ಟಿ ಬಡಿಯುತ್ತ ಕುಳಿತಳು. ಅಂದು ಆಕೆ ಬಡಿದ ರೊಟ್ಟಿ ನಾಲ್ಕು ದಿನ ಉಂಡರೂ ಮುಗಿಯಲಿಲ್ಲ.

ಕಂಪನಿಯ ಮಾತಿಗೆ ಬರುತ್ತೇನೆ. ಕ್ಯಾಮೆರಾ ಮಾಡುವವರೇ ಲೆನ್ಸನ್ನೂ ಅಗ್ಗಕ್ಕೆ ಕೊಡತೊಡಗಿದರು. ಆಮೇಲೆ ರೀಲು ಬೇಡದ ಕ್ಯಾಮೆರಾ ಬಂತು. ಹೆಸರು ಕೊಟ್ಟಿದ್ದ ವ್ಯಾಪಾರಿಗಳು ಒಬ್ಬೊಬ್ಬರಾಗಿ ಬೇರೆ ಕಡೆ ಹೋದರು. ಹೆಸರು ಅವರದು, ತೆಗೆದುಕೊಂಡು ಹೋದರು. ಇವರ ಹತ್ತಿರ ಏನು ಉಳಿಯಿತು? ಈ ವರ್ಷ ಮಾರ್ಚಿನಲ್ಲಿ ಡಿಪೊ ಮುಚ್ಚಿತು. ಕೊನೆಯ ದಿನ ನಾನೂ ಒಕುದಾ ಸಾಹೇಬರೂ ಕಪಾಟು ಖಾಲಿ ಮಾಡುತ್ತಿದ್ದೆವು. ಹಳದಿ ಫೋನು ಬಾರಿಸಿತು. ನಾನು ಎತ್ತಲು ಹೋದೆ. ಅವರು ಕೈ ತಡೆದು ತಾವೇ ಎತ್ತಿದರು. ನೆಟ್ಟಗೆ ನಿಂತು, ‘ಗುಡ್ ಆಫ್ಟರ್‌ನೂನ್, ಹಿಸಾನೊ’ ಎಂದರು. ಆ ಕಡೆಯವರು ರಾಂಗ್ ನಂಬರ್ ಎಂದು ಇಟ್ಟುಬಿಟ್ಟರು. ಸಾಹೇಬರು ರಿಸೀವರ್ ಹಿಡಿದುಕೊಂಡೇ ಅತ್ತರು. ನನಗೂ ತಡೆಯಲಾಗಲಿಲ್ಲ.

ಮನೆಗೆ ಹೋಗಿ ಇದನ್ನು ಚಂದ್ರವ್ವನಿಗೆ ಹೇಳಬೇಕು ಎಂದುಕೊಂಡು ಬಸ್ಸಿನಲ್ಲಿ ಕುಳಿತೆ. ಅರ್ಧ ದಾರಿಯಲ್ಲಿ ನೆನಪಾಯಿತು, ಆಕೆ ಹೋಗಿ ಆರು ತಿಂಗಳಾಗಿತ್ತು. ಹೇಳಲು ಯಾರಿದ್ದಾರೆ? ನಮಗೆ ಮಕ್ಕಳಿಲ್ಲ, ನಿಮಗೆಲ್ಲ ಗೊತ್ತೇ ಇದೆ.

ಆಕೆಯ ಕಡೆಯ ವಾರ ಆಸ್ಪತ್ರೆಗೆ ಅನ್ವಿತಾ ಬರುತ್ತಿದ್ದಳು. ಡಾಕ್ಟರಿಕೆ ಓದುವ ಹುಡುಗಿ, ‘ಕಾಕು, ಕಾಕು’ ಎಂದು ಚಮಚೆಯಲ್ಲಿ ಗಂಜಿ ಕುಡಿಸುತ್ತಿದ್ದಳು. ಚಂದ್ರವ್ವ ಗಂಜಿ ಕುಡಿಯುವುದಕ್ಕಿಂತ ಇವಳ ಗದ್ದದ ಗಾಯದ ಗುರುತು ನೋಡುತ್ತಿದ್ದದ್ದೇ ಹೆಚ್ಚು. ಒಂದು ಸಂಜೆ ಇವಳು ನೀರು ತರಲು ಎದ್ದು ಹೋದಳು. ಚಂದ್ರವ್ವ ನನ್ನ ಕೈ ಹಿಡಿದುಕೊಂಡು ಹೇಳಿದಳು: ‘ಅನ್ವಿತಾಗ, ನಾ ನಿನ್ನ ಹಡದಾಕಿ ಅಂತ ಹೇಳಬೇಕಂತ ಬಾಯಿತನಾ ಬಂದಿತ್ತ್ರಿ. ನುಂಗಿದೆ. ಮೊದಲನೇ ಕೂಸು ಮಕ್ಕಳಿಲ್ಲದ ವೈನಿಗೆ ಇರಲಿ, ಮುಂದಿನವು ನಮಗ ಅಂತ ಕೊಟ್ವಿ. ಮುಂದ ಆಗಲೇ ಇಲ್ಲ. ಇರಲಿ ಬಿಡ್ರಿ. ಒಮ್ಮೆ ಅವರ ಉಡ್ಯಾಗ ಹಾಕಿದ ಮ್ಯಾಲ ಆಕಿ ಅವರ ಮಗಳು. ನೀವೂ ಯಾರ ಮುಂದೂ ಹೇಳಬ್ಯಾಡ್ರಿ.’

ನಾನು ಹೇಳಲಿಲ್ಲ. ಇಂದಿನವರೆಗೆ ಯಾರ ಮುಂದೆಯೂ ಹೇಳಿದವನಲ್ಲ.

ಯಾಕೆ ಎಲ್ಲರೂ ಮುಂದಿನ ಸಾಲಿನತ್ತ ನೋಡುತ್ತಿದ್ದೀರಿ? ಅಣ್ಣಾ, ನೀ ಯಾಕ ತಲಿ ಬಗ್ಗಿಸಿದಿ? ನಾನು ಏನು ಹೇಳಿದೆ? ನಾನು ಲೆನ್ಸ್ ಕಂಪನಿಯ ಚರಿತ್ರೆ ಹೇಳಲು ನಿಂತವನು.

ಅಯ್ಯೋ ಶಿವನೇ.

ಮಕ್ಕಳಿಗೆ ಕನ್ನಡ ತಿಳಿಯುವುದಿಲ್ಲ. ತಿಳಿಯುವುದಿಲ್ಲ, ಅಲ್ಲವೇ?

ಅನ್ವಿತಾ, ಕ್ಯಾಮೆರಾ ಕೆಳಗ ಇಳಸವ್ವಾ. ರೀಲು ಮುಗದು ಸುತ್ತಿದ ಸಪ್ಪಳ ನನಗ ಆಗ್ಲೇ ಕೇಳೇತಿ. ಮುಗದ ಕ್ಯಾಮೆರಾ ಮುಖಕ್ಕ ಹಿಡಕೊಂಡು ಏನ್ ನೋಡ್ತಿ? ಏನಂದಿ? ಜೋರಾಗಿ ಹೇಳವ್ವಾ. ಅವತ್ತು ಆಸ್ಪತ್ರ್ಯಾಗ ಪರದೆ ಹಿಂದನ ಇದ್ದ್ಯಾ? ನೀರು ತಗೊಂಡು ಬಂದು ಅಲ್ಲೇ ನಿಂತಿದ್ದ್ಯಾ?

ಹೌದು ಎಂದು ತಲೆಯಾಡಿಸುತ್ತಿದ್ದಾಳೆ, ಸಭಿಕರೇ. ಎಲ್ಲವೂ ಇವಳಿಗೆ ಕೇಳಿಸಿತ್ತು. ಎಲ್ಲವೂ ತಿಳಿದಿತ್ತು. ಒಂದು ವರ್ಷದಿಂದ ದಿನಾ ಸಂಜೆ ಫೋನು ಮಾಡಿ, ಊಟವಾಯಿತೇ ಎಂದು ಇಂಗ್ಲಿಷಿನಲ್ಲಿ ಕೇಳುತ್ತಾಳೆ. ಕಾಕಾ ಎಂದೇ ಕರೆಯುತ್ತಾಳೆ. ನಾನೂ ಪ್ರತಿದಿನ ಫೋನು ಎತ್ತಿ ‘ಕಾಕಾ ಸ್ಪೀಕಿಂಗ್’ ಎನ್ನುತ್ತೇನೆ.

ಚಂದ್ರವ್ವಾ, ನೀ ನುಂಗಿದ ಮಾತು ನಿನ್ನ ಮಗಳಿಗೆ ಅವತ್ತ ಮುಟ್ಟಿತ್ತ ನೋಡ.

ವೈನಿ, ನೀವು ಅಳಬೇಡಿರಿ. ಉಡಿಯಲ್ಲಿ ಹಾಕಿದ್ದನ್ನು ಯಾರೂ ತಿರುಗಿ ಕೇಳುವುದಿಲ್ಲ. ಗುರುವಾರ ನಾನು ಒಬ್ಬನೇ ಹೋಗುವವನು.

ಅಧ್ಯಕ್ಷರೇ, ಶಾಲಿಗೆ ಋಣಿ. ಊಟಕ್ಕೆ ಋಣಿ. ಮಾತು ತಪ್ಪಿದವನನ್ನು ತಡೆಯದೆ ಕೇಳಿದಿರಿ, ಅದಕ್ಕೂ ಋಣಿ. ಇನ್ನೂ ಮಾತಾಡುವವನಿದ್ದೆ, ಆದರೆ ಹುಡುಗಿ ಮೆಟ್ಟಿಲು ಹತ್ತಿ ಬರುತ್ತಿದ್ದಾಳೆ, ಮೈಕು ಕೆಳಗಿಡುತ್ತೇನೆ. ನಮಸ್ಕಾರ.