ಬಡಗಣ ಬಾಗಿಲ ಚೊಂಬು

ಸಾಸಲು ಊರಿನ ಆಚೆ, ದಿಣ್ಣೆಯ ನೆತ್ತಿಯ ಮೇಲಿನ ಆ ಹೆಂಚಿನ ಮನೆಗೆ ಎರಡು ಬಾಗಿಲು, ಎರಡು ಸೂರು. ತೆಂಕಣ ಸೂರಿನ ನೀರು ಅರ್ಕಾವತಿಯ ಕಡೆಗೆ ಇಳಿಯುತ್ತದೆ, ಬಡಗಣ ಸೂರಿನದು ಉತ್ತರ ಪಿನಾಕಿನಿಯ ಕಡೆಗೆ. ಮದುವೆಯಾದ ಹೊಸತರಲ್ಲಿ ಅಶೋಕ್ ಇದನ್ನು ಪ್ರಮೋದಾಳಿಗೆ ತೋರಿಸಿ, ಒಂದೇ ಮೋಡ ನಮ್ಮ ಮನೆ ಮೇಲೆ ಬಂದು ಪಾಲಾಗುತ್ತೆ ನೋಡು ಎಂದು ನಕ್ಕಿದ್ದ.

ಈಗ ಅದೇ ಬಡಗಣ ಸೂರಿನ ಕೊಕ್ಕೆಯಲ್ಲಿ, ಕೆಂಪು ಬಟ್ಟೆ ಕಟ್ಟಿದ ಮಡಕೆಯೊಳಗೆ, ಅವನು ಬೂದಿಯಾಗಿ ತೂಗುತ್ತಿದ್ದ. ಎಂಟು ತಿಂಗಳಾಗಿತ್ತು. ಅವರ ಪೈಕಿಯಲ್ಲಿ ಸತ್ತವರನ್ನು ಹೊಲದಲ್ಲೇ ಮಣ್ಣು ಮಾಡುವುದು. ಕಾರ್ಖಾನೆಯ ಬೆಂಕಿಯಲ್ಲಿ ಹೋದವನನ್ನು ಊರಿಗೆ ತರುವಂತಿರಲಿಲ್ಲ. ನಗರದಲ್ಲೇ ಸುಟ್ಟು ಬೂದಿ ಕೊಟ್ಟಿದ್ದರು. ಬೂದಿಯನ್ನು ಏನು ಮಾಡಬೇಕೆಂದು ಮನೆಯಲ್ಲಿ ಯಾರಿಗೂ ತಿಳಿದಿರಲಿಲ್ಲ. ಕೊನೆಗೆ, ನಾಳೆ ಮೈದುನ ಅನಿಲ್‌ಕುಮಾರ್ ಕಾರಿನಲ್ಲಿ ಶ್ರೀರಂಗಪಟ್ಟಣಕ್ಕೆ ಒಯ್ದು ಕಾವೇರಿಗೆ ಬಿಡುವುದೆಂದು ತೀರ್ಮಾನವಾಗಿತ್ತು. ಪ್ರಮೋದಾ ಹೂಂ ಅಂದಿರಲಿಲ್ಲ, ಊಹೂಂ ಎಂದೂ ಅಂದಿರಲಿಲ್ಲ. ಕೊಟ್ಟುಬಿಟ್ಟರೆ ಅವನು ಎಲ್ಲಿಯೂ ಇಲ್ಲದವನಾಗುತ್ತಾನೆ. ಅವಳಿಗೆ ಗೊತ್ತಿದ್ದದ್ದು ಅಷ್ಟೇ.

ಸಂಜೆ ಐದಕ್ಕೇ ಮಳೆ ಹಿಡಿಯಿತು, ಕರೆಂಟು ಹೋಯಿತು. ಅವಳು ಎಂದಿನಂತೆ ಒಂದು ಚೊಂಬು ನೀರನ್ನು ಬಡಗಣ ಬಾಗಿಲ ಆಚೆ, ಸೂರಿನ ಒಳಗೆ, ಕಲ್ಲಿನ ಮೇಲಿಟ್ಟು ಬಂದಳು. ಮಳೆ ಬಂದಾಗಲೆಲ್ಲ ಹಾಗಿಡುವುದು ಆ ಮನೆಯ ರೂಢಿ. ಅತ್ತೆ ಮುನಿಗಂಗಮ್ಮ ಹೇಳಿಕೊಟ್ಟಿದ್ದರು. ಯಾಕೆಂದು ಇವಳು ಕೇಳಿರಲಿಲ್ಲ.

ನಡುಮನೆಯಲ್ಲಿ ಅಶೋಕನ ತಾತ ನರಸಿಂಹಯ್ಯ ಗೋಡೆಗೊರಗಿ ಕಾಲು ನೀಡಿ ಕೂತಿದ್ದರು. ಎಂಬತ್ತು ದಾಟಿದ ಮುದುಕ. ದೀಪದ ಸುತ್ತ ಉಳಿದವರು ಕೂತರು.

“ಚೊಂಬು ಇಟ್ಟಾ ಮಗಾ?”

“ಇಟ್ಟೆ ತಾತ.”

“ಯಾರಿಗೆ ಅಂತ ಗೊತ್ತಾ? ನಮ್ಮಣ್ಣ ಮುನಿಸ್ವಾಮಿಗೆ ಕಣವ್ವ... ಊರಿನ ನೀರುಗಂಟಿ ಅವ್ನು. ಕೆರೆ ತೂಬು ಎತ್ತೋದು, ಇಳಿಸೋದು, ಯಾರ ಗದ್ದೆಗೆ ಎಷ್ಟೊತ್ತು ನೀರು ಅಂತ ನೋಡಿ ಬಿಡೋದು, ಅದೇ ಕೆಲ್ಸ. ಕೋಡಿ ಬಿದ್ದಾಗ ಅಲ್ಲೇ ನಿಂತ್ಬಿಡೋನು, ಇದು ಎಲ್ಲಿಗೋಯ್ತದೆ ಅವ್ವಾ, ಒಂದಿನ ಇದರ ಹಿಂದೇನೇ ಹೋಗಿ ನೋಡ್ಕೊಂಡು ಬತ್ತೀನಿ ಅನ್ನೋನು. ಮೊದ್ಲು ಉಂಡು ಹೋಗ್ಲಾ ಅನ್ನೋಳು ಅವ್ವ. ಒಂದು ವರ್ಷ ಹಿಂಗೇ ಮಳೆ, ಮೂರು ದಿನ ಬಿಡ್ಲಿಲ್ಲ. ತೂಬು ಎತ್ತಾಕೆ ಇಳಿದೋನು ಮ್ಯಾಕ್ಕೆ ಬರ್ಲಿಲ್ಲ... ಏರಿ ಒಡೀತು. ಹೆಣಾನೂ ಸಿಗ್ಲಿಲ್ಲ. ಮಣ್ಣು ಮಾಡೋ ಜನ ನಾವು, ಏನನ್ನ ಮಣ್ಣು ಮಾಡೋದು? ಅವನ ಗುದ್ದಲೀನ ಹೂತು ಬಂದ್ವಿ.

“ಹದಿನೈದು ದಿನ ಆಗಿತ್ತು. ಇದೇ ಹೊತ್ತು, ಇದೇ ಮಳೆ... ಬಡಗಣ ಬಾಗಿಲಾಚೆ ಯಾರೋ ಬಂದು ನಿಂತಂಗಾಯ್ತು. ‘ಅವ್ವಾ, ಗೌರಿಬಿದನೂರು ದಾಟ್ದೆ’ ಅಂತು ದನಿ. ತೆಗೆದ್ರೆ ಯಾರೂ ಇಲ್ಲ, ಕಲ್ಲಿನ ಮೇಲೆ ಒದ್ದೆ ಹೆಜ್ಜೆ, ಹೊಳೆ ಮರಳು. ಅವ್ವ ಅಳ್ತಾಳೆ ಅನ್ಕೊಂಡೆ. ಅಳ್ಲಿಲ್ಲ ಕಣವ್ವ. ನಡೆದೂ ನಡೆದೂ ಬಾಯಾರಿರ್ತದೆ ಅಂದು ಒಂದು ಚೊಂಬು ನೀರಿಟ್ಲು.”

“ಏನ್ ತಾತ, ದೆವ್ವ ಲೈವ್ ಲೊಕೇಷನ್ ಕಳಿಸ್ತಿತ್ತಾ?” ಎಂದ ಅನಿಲ್‌ಕುಮಾರ್.

“ನಗು ಲೇ, ನಗು. ನಿನ್ನ ಫೋನಿಗೆ ಟವರ್ ಬೇಕು, ಅವನಿಗೆ ಮಳೆ ಸಾಕಿತ್ತು. ನೀರು ಹೋದಷ್ಟೇ ಅವನೂ ಹೋಗೋದು. ಹೊಳೆ ಮರಳಲ್ಲಿ ಇಂಗಿದ್ರೆ ಅಲ್ಲೇ ನಿಂತ. ಮರುವರ್ಷ ಬಂದು ಹಿಂದೂಪುರದ ಸೀಮೆ ಅಂದ. ಆಮ್ಯಾಕೆ ಪಾವಗಡದ ಬಂಡೆಗಳ ಮಗ್ಗುಲು... ಬಡಗಲಾಗೇ, ಇನ್ನೂ ಬಡಗಲಾಗೇ. ಹೋಗ್ತಾ ಹೋಗ್ತಾ ಮಾತೂ ತಿರುಗ್ತು ನೋಡು, ನೀರು ಅನ್ನೋನು ನೀಳ್ಳು ಅನ್ನಾಕೆ ಶುರುಮಾಡ್ದ. ಇವನಿಗೆ ಯಾವಳೋ ತೆಲುಗಿನೋಳು ಗಂಟುಬಿದ್ದವ್ಳೆ ಅಂತ ಅವ್ವ ನಗೋಳು. ಸತ್ತ ಮಗನ್ನ ನೆನೆದು ಹಂಗೆ ನಗೋ ತಾಯೀನ ನೋಡಿದ್ದೀರಾ? ತಾಡಿಪತ್ರಿ ಕಡೆ ಹೋದಾಗ ‘ಹೊಳೆ ಮೂಡ್ಲಾಗಿ ತಿರುಗ್ತು’ ಅಂದ. ಗಂಡಿಕೋಟೆ ಕಣಿವೇಲಿ ಎರಡೂ ಕಡೆ ಕೆಂಪು ಕಲ್ಲಿನ ಗೋಡೆ, ಮಧ್ಯೆ ತಾನೊಬ್ನೇ, ಕೂಗಿದ್ರೆ ತನ್ನ ದನೀನೇ ವಾಪಸ್ ಬತ್ತದೆ, ಭಯ ಆಯ್ತದೆ ಅವ್ವಾ ಅಂದ... ಸತ್ತೋನಿಗೂ ಭಯ! ಅಲ್ಲೇ ಸಿಕ್ಕಾಕೊಂಡ. ಇಲ್ಲಿ ಕೊಳವೆಬಾವಿ ಬಂದ್ವು, ನೀಲಗಿರಿ ತೋಪು ಬಂದ್ವು, ಹೊಳೇಲಿ ಲಾರಿ ಓಡಾಡಿದ್ವು. ವರ್ಷಗಟ್ಲೆ ಸದ್ದಿಲ್ಲ. ಅವ್ವ ಚೊಂಬು ಇಟ್ಟೂ ಇಟ್ಟೂ ಹೋದ್ಲು.”

“ಆಮೇಲೆ?”

ಕೇಳಿದ್ದು ಪ್ರಮೋದಾ. ಮುನಿಗಂಗಮ್ಮ ಸೊಸೆಯ ಮುಖ ನೋಡಿದರು.

“ನಾಲ್ಕೈದು ವರ್ಷದ ಕೆಳಗೆ ಆ ದೊಡ್ಡ ಮಳೆ ಹುಯ್ತಲ್ಲ, ಗೌರಿಬಿದನೂರ ಹೊಳೆ ದಡ ತುಂಬಿ ಹೋಯ್ತಲ್ಲ... ಆವಾಗ ಬಂದ. ‘ಅವ್ವಾ, ನೆಲ್ಲೂರು ದಾಟ್ದೆ, ನೀಳ್ಳು ಉಪ್ಪಗವೆ’ ಅಂದ. ಸಮುದ್ರ ಮುಟ್ಟಿದ್ದ ಕಣವ್ವ! ಅವ್ವ ಇಲ್ಲ ಅನ್ನೋದು ಅವನಿಗೆ ಗೊತ್ತಿಲ್ಲ... ನಾನೇ ಒಳಗಿಂದ ಹೂಂ ಅಂದೆ. ಮುಗೀತು ಅನ್ಕೊಂಡೆ.”

ತಾತ ಬಡಗಣ ಬಾಗಿಲ ಕಡೆ ತಿರುಗಿದರು.

“ಮುಗೀಲಿಲ್ಲ. ಮೊನ್ನೆ ಮಂಗಳವಾರ ಮಳೆ ಬಂತಲ್ಲ, ಬಂದಿದ್ದ. ಈ ಸಲ ಅವ್ವಾ ಅನ್ಲಿಲ್ಲ, ತಮ್ಮಾ ಅಂದ... ‘ಸೂರಲ್ಲಿ ಕೂತವ್ನಲ್ಲ ಹುಡುಗ, ಯಾರ್ಲಾ ಅವ್ನು?’ ನನ್ನ ಮೊಮ್ಮಗ ಅಂದೆ. ‘ಕಳಿಸ್ಲಾ. ಗಂಡಿಕೋಟೇಲಿ ಒಬ್ನೇ ಆದ್ರೆ ಹೆದರ್ಕೊಂತಾನೆ. ದಾರಿ ನಂಗೆ ಗೊತ್ತು’ ಅಂದ.”

“ಮಾವ! ಹುಡ್ಗಿ ಮುಂದೆ ಏನ್ ಮಾತು ಅಂತ ಆಡ್ತೀರಿ?” ಎಂದರು ಮುನಿಗಂಗಮ್ಮ. ಅನಿಲ್‌ಕುಮಾರ್ ಈ ಸಲ ನಗಲಿಲ್ಲ.

ಪ್ರಮೋದಾ ಎದ್ದು ಬಡಗಣ ಬಾಗಿಲು ತೆಗೆದಳು. ಇನ್ನೂ ಬೆಳಕಿತ್ತು. ಅರ್ಧ ಗಂಟೆಯ ಹಿಂದೆ ತುಂಬಿಸಿಟ್ಟ ಚೊಂಬು ಖಾಲಿಯಾಗಿತ್ತು. ಅದರ ಕಂಠದ ಸುತ್ತ ಬಿಳಿಯ ಗೆರೆ. ಬೆರಳಿಂದ ಒರೆಸಿ ನಾಲಗೆಗಿಟ್ಟಳು. ಉಪ್ಪು.

ಅವಳು ಕೊಕ್ಕೆಯಿಂದ ಮಡಕೆಯನ್ನು ಇಳಿಸಿಕೊಂಡಳು.

“ಅತ್ತಿಗೆ, ನಾಳೆ ಕಾರು...”

“ಬೇಡ ಅನಿಲ್. ಕಾವೇರಿಗೆ ಹೋದ್ರೆ, ಎಲ್ಲಿದ್ದಾರೆ ಅಂತ ನಂಗೆ ಹೇಳೋಕೆ ಯಾರು ಬರ್ತಾರೆ?”

ಸೂರಿನ ಕೆಳಗೆ ಮಳೆನೀರು ಕಾಲುವೆಯಾಗಿ ಕೆಂಪಗೆ ಹರಿಯುತ್ತಿತ್ತು. ಅದರಲ್ಲಿ ನಿಂತು ಮಡಕೆಗೆ ಕಟ್ಟಿದ್ದ ಬಟ್ಟೆ ಬಿಚ್ಚಿ ಸುರಿದಳು. ಬೂದಿ ಒಂದು ಕ್ಷಣ ಅವಳ ಕಾಲ ಸುತ್ತ ಸುತ್ತಿತು; ಆಮೇಲೆ ಹೊಂಗೆ ಮರ ಬಳಸಿ ಬಡಗಣಕ್ಕೆ ಇಳಿಯಿತು. ನೀರು ತಣ್ಣಗಿತ್ತು. ಎಂಟು ತಿಂಗಳಲ್ಲಿ ಮೊದಲ ಸಲ ಏನೋ ಒಂದು ತಣ್ಣಗಿದೆ ಎಂದು ಅವಳಿಗೆ ಗೊತ್ತಾಯಿತು.

“ಹೇಳ್ತಿರು,” ಎಂದಳು ನೀರಿಗೆ.

ಒಳಗೆ ಬಂದು ಬಾಗಿಲು ಎಳೆದುಕೊಳ್ಳುತ್ತಿದ್ದಾಗ ತಾತ ಕೂತಲ್ಲಿಂದಲೇ ಅಂದರು:

“ಚಿಲಕ ಹಾಕ್ಬೇಡ ಮಗಾ... ಗೌರಿಬಿದನೂರು ಹದಿನೈದು ದಿನದ ದಾರಿ. ಇನ್ಮೇಲೆ ಎರಡು ಚೊಂಬು ಇಡು.”