ನಾಲ್ಕನೆಯ ಮೊಬೈಲು

ಹೊನ್ನಾವರ ಬಸ್ ನಿಲ್ದಾಣದಲ್ಲಿ ಶಾಂಭವಿ ಭಟ್ಕಳದ ಬಸ್ಸಿಗೆ ಕಾದು ಕೂತಿದ್ದಳು. ಪಕ್ಕದಲ್ಲಿ ಒಬ್ಬರು ತಮ್ಮ ಮೊಬೈಲನ್ನು ಸಿಸಿಟಿವಿ ಕ್ಯಾಮೆರಾ ರಿಪೇರಿಯವನ ಕೈಗೆ ಕೊಟ್ಟರು.

“ನಿತೇಶ, ನನ್ನ ಮೂರೂ ಹೊಲಿಗೆ ಅಂಗಡಿ ಇದ್ರಲ್ಲೇ ನೋಡ್ತೆ. ಕುಮಟಾದ ಕ್ಯಾಮೆರಾ ತನ್ನಷ್ಟಕ್ಕೇ ತಿರುಗ್ತದೆ ಅಂತಾರೆ ಅಲ್ಲಿ ಹೊಲಿಯೋ ಹೆಂಗಸ್ರು. ನಾನು ನಗಾಡಿದೆ.”

“ಎಷ್ಟು ಮೊಬೈಲಲ್ಲಿ ಕಾಣ್ತದೆ, ಉಮೇಶಣ್ಣ?”

“ನಂದು, ಹೆಂಡ್ತಿದು, ತಮ್ಮಂದು.”

“ಇಲ್ಲಿ ನಾಲ್ಕು ತೋರಿಸ್ತದಲ್ಲ. ನಾಲ್ಕನೇದ್ರಲ್ಲಿ ಇವತ್ತು ಬೆಳಿಗ್ಗೆನೂ ನೋಡಿದ್ದಾರೆ.”

“ಎಂತ?”

“ಪಾಸ್‌ವರ್ಡ್ ಮತ್ತ್ಯಾರಿಗೆ ಗೊತ್ತು?”



“ಚೌತಿಗೆ ಕೆಲಸ ಬಿಟ್ಟ ಮ್ಯಾನೇಜರಿಗೆ. ಮೂರೂ ಅಂಗಡಿಗೆ ಒಂದೇ ಪಾಸ್‌ವರ್ಡ್, ಬದಲಿ ಮಾಡ್ಲೇ ಇಲ್ಲ.”

“ಮೊದ್ಲು ಇದ್ರ ಫೋಟೋ ತೆಗೆದಿಡಿ, ಪೊಲೀಸರಿಗೆ ಬೇಕಾಗ್ತದೆ. ಆಮೇಲೆ ಮೂರಕ್ಕೂ ಬೇರೆ ಬೇರೆ ಹಾಕುವ.”

ಫೋಟೋ ಆದಮೇಲೆ ಉಮೇಶ ಕುಮಟಾ ಅಂಗಡಿಗೆ ಫೋನು ಮಾಡಿದರು. ಶಾಂಭವಿ ರಸ್ತೆಯ ಕಡೆ ನೋಡುವುದನ್ನೇ ಬಿಟ್ಟಿದ್ದಳು.

“ದುರ್ಗಕ್ಕ, ಕ್ಯಾಮೆರಾದ ವೈರು ಈಗ್ಲೇ ಕಿತ್ತುಹಾಕಿ. ನೀವು ಹೇಳಿದ್ದೇ ಖರೆ, ತಪ್ಪು ನಂದು.” ಆಮೇಲೆ ದನಿ ಇಳಿಯಿತು. “ನಿಮ್ಮ ಸಂಗಡ ಹೊಲೀತಿದ್ದ ರೋಹಿಣಿ ಇದಕ್ಕೇ ಕೆಲಸ ಬಿಟ್ಲಾ?”

ಕುಮಟಾದ ಬಸ್ಸು ಬಂತು. ಫೋನನ್ನು ಕಿವಿಗಿಟ್ಟುಕೊಂಡೇ ಉಮೇಶ ನಿತೇಶನ ಹಿಂದೆ ಹತ್ತಿದರು.

“ಅವಳ ಮನೆ ಕತಗಾಲದಲ್ಲಾ? ಆತು. ಕೆಲಸಕ್ಕೆ ನೀವು ಕರೆಯೋದು ಬೇಡ, ನಾನೇ ಹೋಗಿ ಕರೀತೆ.”